ತೆರೆ ಇಳಿದ ಮೇಲೂ ಮನೆ ಬಿಡದ ತಾರೆಯರು

ಚಿತ್ರತಾರೆಯೊಬ್ಬರು ಅಕಾಲದಲ್ಲಿ ತೀರಿಕೊಂಡರೆ ಎರಡು ಸುದ್ದಿಗಳು ಹುಟ್ಟುತ್ತವೆ. ಒಂದು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇನ್ನೊಂದಕ್ಕೆ ಅಚ್ಚು, ಮೊಳೆ ಬೇಕಿಲ್ಲ. ಅವರು ಬಾಳಿದ ಮನೆಯಲ್ಲಿ, ಉಸಿರು ನಿಂತ ಕೋಣೆಯಲ್ಲಿ ನಡುರಾತ್ರಿ ದೀಪ ಹತ್ತಿತಂತೆ, ಗೆಜ್ಜೆಯ ಸದ್ದು ಕೇಳಿತಂತೆ ಎಂದು ಅದು ಬಾಯಿಂದ ಬಾಯಿಗೆ ಹೋಗುತ್ತದೆ. ಮೊದಲನೆಯ ಸುದ್ದಿಯನ್ನು ಜನ ವಾರದಲ್ಲಿ ಮರೆಯುತ್ತಾರೆ. ಎರಡನೆಯದಕ್ಕೆ ಆಯಸ್ಸು ಹೆಚ್ಚು.

ಇದು ಹಳ್ಳಿಗಾಡಿನ ನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರು ಈಗಲೂ ಇದ್ದಾರೆ. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಆ ಬರಹ ಓದಿ ಹಿಂದಿರುಗುತ್ತದೆ ಎಂಬುದು ನಂಬಿಕೆ. ಅಂಥ ಹಳ್ಳಿಗಳಿದ್ದ ಕಡೆ, ಸರ್ಜಾಪುರದಂಥ ಊರುಗಳ ದಾರಿಯುದ್ದಕ್ಕೂ, ಇಂದು ಬಹುಮಹಡಿ ವಸತಿ ಸಮುಚ್ಚಯಗಳೆದ್ದಿವೆ. ಬಾಗಿಲ ಬರಹ ಅಳಿಸಿದೆ, ಕತೆ ಅಳಿದಿಲ್ಲ.

ಗೋಟೂರಿನ ಬಂಗಲೆ

ಕನ್ನಡ ಚಿತ್ರರಂಗದ ಮಟ್ಟಿಗೆ ಇಂಥ ಮಾತು ಮೊದಲು ಸುತ್ತಿಕೊಂಡದ್ದು ‘ಮಿನುಗುತಾರೆ’ ಕಲ್ಪನಾ ಅವರ ಹೆಸರಿಗೆ. ‘ಸಾಕು ಮಗಳು’ ಚಿತ್ರದಿಂದ ಬಂದು, ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ಗಳಿಂದ ಮನೆಮಾತಾದ ನಟಿ 1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕೊನೆಯುಸಿರೆಳೆದರು. ಆಗ ಅವರು ಗುಡಗೇರಿ ಬಸವರಾಜ ಅವರ ನಾಟಕ ಕಂಪನಿಯೊಡನೆ ಉತ್ತರ ಕರ್ನಾಟಕದಲ್ಲಿ ಸುತ್ತುತ್ತಿದ್ದರು. ವಯಸ್ಸು ನಲವತ್ತೂ ಆಗಿರಲಿಲ್ಲ.

ಆ ಸಾವಿನ ಸುತ್ತ ಅಂದಿನಿಂದಲೂ ಬಗೆಬಗೆಯ ಊಹೆಗಳು ಬೆಳೆದಿವೆ. ಬಂಗಲೆಯ ಸುತ್ತಲೂ ಮಾತು ಹಬ್ಬಿತು. ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1971ರ ‘ಶರಪಂಜರ’ದಲ್ಲಿ ಕಲ್ಪನಾ ಅಭಿನಯಿಸಿದ್ದು ಮನಸ್ಸಿನ ಕಾಯಿಲೆಯಿಂದ ನರಳಿ, ವಾಸಿಯಾಗಿ ಮನೆಗೆ ಬಂದರೂ ಮನೆಯವರ ಶಂಕೆಯಿಂದ ಮತ್ತೆ ಕುಸಿಯುವ ಕಾವೇರಿಯ ಪಾತ್ರವನ್ನು. ತ್ರಿವೇಣಿಯವರ ಕಾದಂಬರಿ ಹೇಳಿದ್ದು, ಪುಟ್ಟಣ್ಣ ಕಣಗಾಲರು ತೆರೆಗೆ ತಂದದ್ದು ಸಮಾಜದ ಕ್ರೌರ್ಯವನ್ನು. ಪ್ರೇಕ್ಷಕರು ಮಾತ್ರ ಪಾತ್ರವನ್ನೂ ವ್ಯಕ್ತಿಯನ್ನೂ ಒಂದೇ ಮಾಡಿಕೊಂಡರು. ತೆರೆಯ ಮೇಲೆ ಅತ್ತವಳು ಸತ್ತ ಮೇಲೂ ಅಳುತ್ತಿರಬೇಕು ಎಂದುಕೊಳ್ಳುವುದು ಅವರಿಗೆ ಸುಲಭವಾಯಿತು. ತುತ್ತತುದಿಗೇರಿದ ನಟಿಯೊಬ್ಬಳು ಕೊನೆಗಾಲದಲ್ಲಿ ಒಬ್ಬಂಟಿಯಾದದ್ದೇಕೆ ಎಂಬ ಪ್ರಶ್ನೆ ಕಷ್ಟದ್ದು. ಬಂಗಲೆಯಲ್ಲಿ ದೆವ್ವವಿದೆ ಎಂದುಬಿಟ್ಟರೆ ಆ ಪ್ರಶ್ನೆಗೆ ಯಾರೂ ಉತ್ತರಿಸಬೇಕಿಲ್ಲ.

ನಾಗವಲ್ಲಿಯ ‘ಶಾಪ’

ಎರಡನೆಯ ಪ್ರಸಂಗ ಇನ್ನೂ ಕುತೂಹಲದ್ದು. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಹೊರಟ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಲ್ಲಿ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಉರುಳಿಬಿತ್ತು. ಜೊತೆಯಲ್ಲಿದ್ದ ಅಣ್ಣನೂ ಉಳಿಯಲಿಲ್ಲ. ಅವರು ನಟಿಸಿದ್ದ ‘ಆಪ್ತಮಿತ್ರ’ ತೆರೆಕಂಡದ್ದು ಅದೇ ಆಗಸ್ಟ್‌ನಲ್ಲಿ. ಅದರ ಮುಂದುವರಿದ ಕತೆಯಾದ ‘ಆಪ್ತರಕ್ಷಕ’ದ ನಾಯಕ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಚಿತ್ರ ಬಿಡುಗಡೆಯಾದದ್ದು 2010ರ ಫೆಬ್ರುವರಿಯಲ್ಲಿ. ಎರಡು ಚಿತ್ರ, ಎರಡು ಸಾವು. ಇದು ನಾಗವಲ್ಲಿಯ ಶಾಪ, ಅವಳ ಚಿತ್ರಪಟ ಇದ್ದ ಕಡೆ ಕೇಡು ತಪ್ಪದು ಎಂಬ ಮಾತು ನಾಡಿನಲ್ಲೆಲ್ಲ ಹರಡಿತು.

ವಿಪರ್ಯಾಸವೆಂದರೆ ‘ಆಪ್ತಮಿತ್ರ’ ದೆವ್ವವಿಲ್ಲ ಎಂದು ಹೇಳುವ ಚಿತ್ರ. ಹಳೆಯ ಅರಮನೆಯಲ್ಲಿ ಕಾಣಿಸುವ ನಾಗವಲ್ಲಿ ಬೇರಾರೂ ಅಲ್ಲ, ಮನೋರೋಗಕ್ಕೆ ಸಿಕ್ಕಿ ತನ್ನನ್ನೇ ನಾಗವಲ್ಲಿ ಎಂದು ಭಾವಿಸಿಕೊಂಡ ಗಂಗಾ. ಇದನ್ನು ಬಿಡಿಸಿ ಹೇಳುವುದು ವಿಷ್ಣುವರ್ಧನ್ ಅವರೇ ಅಭಿನಯಿಸಿದ ಮನೋವೈದ್ಯನ ಪಾತ್ರ. ವೈದ್ಯ ತೆರೆಯ ಮೇಲೆ ಓಡಿಸಿದ ದೆವ್ವವನ್ನು ಜನ ಚಿತ್ರಮಂದಿರದ ಹೊರಗೆ ಮತ್ತೆ ಕರೆತಂದರು.

ಶಾಪದ ಲೆಕ್ಕವನ್ನು ಪೂರ್ತಿ ಹಾಕಿದರೆ ಅದು ಕೂಡಿಬರುವುದಿಲ್ಲ. ಈ ಕತೆಯ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅದರ ನಾಯಕಿ ಶೋಭನಾಗೆ ಬಂದದ್ದು ಕೇಡಲ್ಲ, ರಾಷ್ಟ್ರಪ್ರಶಸ್ತಿ. 2005ರಲ್ಲಿ ತಮಿಳಿನ ‘ಚಂದ್ರಮುಖಿ’ಯಲ್ಲಿ ಜ್ಯೋತಿಕಾ, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ವಿದ್ಯಾ ಬಾಲನ್ ಇದೇ ಪಾತ್ರ ಮಾಡಿ ಹೆಸರು ಗಳಿಸಿದರು. ಕನ್ನಡದ ಎರಡೂ ಚಿತ್ರಗಳನ್ನು, ತಮಿಳಿನದನ್ನೂ ನಿರ್ದೇಶಿಸಿದ ಪಿ. ವಾಸು 2023ರಲ್ಲಿ ‘ಚಂದ್ರಮುಖಿ 2’ ಮಾಡಿದರು. ಶಾಪ ಎಂಬುದಿದ್ದರೆ ಮೊದಲು ತಟ್ಟಬೇಕಾದದ್ದು ಅವರಿಗೆ. ಹೊಂದುವ ಎರಡನ್ನು ಆರಿಸಿಕೊಂಡು ಹೊಂದದ ಹತ್ತನ್ನು ಬಿಟ್ಟುಬಿಡುವುದೇ ಇಂಥ ಕತೆಗಳ ಗುಟ್ಟು.

ಮುಂಬೈ, ಹಾಲಿವುಡ್

ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕತೆ ತಿರುಗುಮುರುಗು. ಅಲ್ಲಿನ ಕಡಲತಡಿಯ ಮನೆಯೊಂದಕ್ಕೆ ತಾರೆಯರು ಬರುವ ಮೊದಲೇ ‘ಭೂತಬಂಗಲೆ’ ಎಂಬ ಹೆಸರಿತ್ತು. ಅದನ್ನು ಕೊಂಡ ನಟ ರಾಜೇಂದ್ರ ಕುಮಾರ್ ‘ಡಿಂಪಲ್’ ಎಂದು ಕರೆದರು. ಆಮೇಲೆ ಕೊಂಡ ರಾಜೇಶ್ ಖನ್ನಾ ‘ಆಶೀರ್ವಾದ್’ ಎಂದರು. ಇಬ್ಬರೂ ಗೆಲುವು ಕಂಡಾಗ ಮನೆ ಅದೃಷ್ಟದ್ದಾಯಿತು, ಖನ್ನಾ ಅವರ ನಕ್ಷತ್ರ ಇಳಿದಾಗ ಹಳೆಯ ದೆವ್ವ ಮತ್ತೆ ನೆನಪಾಯಿತು. 2012ರಲ್ಲಿ ಖನ್ನಾ ತೀರಿಕೊಂಡರು, 2014ರಲ್ಲಿ ಮನೆ ಮಾರಾಟವಾಯಿತು, 2016ರಲ್ಲಿ ಅದನ್ನು ಕೆಡವಲಾಯಿತು. ದೆವ್ವಕ್ಕೆ ಹೆದರದ ಒಂದು ವಸ್ತುವಿದ್ದರೆ ಅದು ನೆಲದ ಬೆಲೆ.

ಹಾಲಿವುಡ್‌ನಲ್ಲಂತೂ ಇದೊಂದು ವ್ಯಾಪಾರ. 1926ರಲ್ಲಿ 31ನೇ ವಯಸ್ಸಿಗೇ ತೀರಿಕೊಂಡ ಮೂಕಿಚಿತ್ರಗಳ ನಾಯಕ ರುಡಾಲ್ಫ್ ವ್ಯಾಲೆಂಟಿನೊ ತನ್ನ ‘ಫಾಲ್ಕನ್ ಲೇರ್’ ಬಂಗಲೆಯಲ್ಲಿ ಅಡ್ಡಾಡುತ್ತಾನೆಂದು ದಶಕಗಳ ಕಾಲ ಹೇಳಿದರು. ಮರ್ಲಿನ್ ಮನ್ರೋ ಅಲ್ಲಿನ ರೂಸ್‌ವೆಲ್ಟ್ ಹೋಟೆಲಿನ ಕನ್ನಡಿಯಲ್ಲಿ ಕಾಣುತ್ತಾಳೆಂಬ ಪ್ರತೀತಿಯೂ ಇದೆ. ದೆವ್ವದ ಮನೆಗಳನ್ನು ತೋರಿಸಲು ಬಸ್ಸುಗಳೇ ಓಡುತ್ತವೆ.

ಕತೆ ಹುಟ್ಟುವ ಬಗೆ

ತಾರೆಯರೇ ಏಕೆ? ನೆರೆಮನೆಯವರು ಸತ್ತರೆ ಅವರ ದನಿ, ನಡಿಗೆ ಕ್ರಮೇಣ ಮಸುಕಾಗುತ್ತವೆ. ತಾರೆಯರದು ಹಾಗಲ್ಲ. ಸತ್ತವರು ಭಾನುವಾರ ಸಂಜೆ ಟಿ.ವಿ.ಯಲ್ಲಿ ಅದೇ ವಯಸ್ಸಿನಲ್ಲಿ ನಗುತ್ತಾರೆ, ಹಾಡುತ್ತಾರೆ. ಸಿನಿಮಾ ಎಂಬುದೇ ಇಲ್ಲದವರನ್ನು ಇದ್ದಂತೆ ತೋರಿಸುವ ವಿದ್ಯೆ. ಇದರ ಜೊತೆಗೆ ಸೇರುವುದು ನಮ್ಮ ಹಳೆಯ ನಂಬಿಕೆ: ಆಯಸ್ಸು ತುಂಬದೆ, ಆಸೆ ತೀರದೆ ಹೋದವರಿಗೆ ಮುಕ್ತಿಯಿಲ್ಲ. ತಾರೆಯ ಮನೆಗೆ ವಾರಸುದಾರರ ನಡುವಿನ ವ್ಯಾಜ್ಯವಾಗಿ ಬೀಗ ಬಿದ್ದರಂತೂ ಮುಗಿಯಿತು. ಹಗಲಿನ ಬಿಸಿಲಿಗೆ ಹಿಗ್ಗಿದ ತೊಲೆಗಳು ರಾತ್ರಿ ತಣ್ಣಗಾಗುವಾಗ ಲಟಕ್ಕೆನ್ನುತ್ತವೆ, ಅಟ್ಟದಲ್ಲಿ ಬಾವಲಿ, ಗೂಬೆ ಸೇರುತ್ತವೆ. ಹೆದರಿದ ಕಿವಿಗೆ ಅಷ್ಟು ಸಾಕು.

ಕರಾವಳಿಯಲ್ಲಿ ಮಾತ್ರ ಬೇರೊಂದು ದಾರಿಯಿದೆ. ತುಳುನಾಡಿನಲ್ಲಿ ಹೋರಾಡಿ ಮಡಿದ ಕೋಟಿ ಚೆನ್ನಯರು ದೆವ್ವವಾಗಲಿಲ್ಲ, ಗರಡಿಗಳಲ್ಲಿ ಆರಾಧನೆ ಪಡೆಯುವ ಬೈದೇರುಗಳಾದರು. ಸತ್ತವರಿಗೆ ನೆಲೆ ಕೊಟ್ಟು, ವರ್ಷಕ್ಕೊಮ್ಮೆ ಕರೆದು ಗೌರವಿಸಿದರೆ ಅವರು ಕಾಯುವವರಾಗುತ್ತಾರೆ, ಕಾಡುವವರಾಗುವುದಿಲ್ಲ ಎಂಬುದು ಅಲ್ಲಿನ ತಿಳಿವಳಿಕೆ.

ತಾರೆಯರಿಗೆ ನಾವು ಅಂಥ ನೆಲೆ ಕೊಟ್ಟಿದ್ದೇವೆಯೇ? ಬಾಂಬೆ ಟಾಕೀಸ್ ಕಟ್ಟಿದವರಲ್ಲಿ ಒಬ್ಬರಾದ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದ ದೇವಿಕಾ ರಾಣಿ ಪತಿ ಸ್ವೆತೊಸ್ಲಾವ್ ರೋರಿಕ್ ಅವರೊಡನೆ ಬಾಳಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡರು. 450 ಎಕರೆಗೂ ಮಿಕ್ಕ ಆ ಜಾಗವನ್ನು ಸರ್ಕಾರ 1996ರ ಕಾಯ್ದೆಯ ಮೂಲಕ ವಶಕ್ಕೆ ಪಡೆಯಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2011ರಲ್ಲಿ. ಹದಿನೈದು ವರ್ಷ ಆ ಮನೆಯನ್ನು ಕಾಡಿದ್ದು ಮೊಕದ್ದಮೆ. ವಿಷ್ಣುವರ್ಧನ್ ಅವರಿಗೆ ಮೈಸೂರಿನಲ್ಲಿ ಸ್ಮಾರಕ ತೆರೆದದ್ದು ನಿಧನದ 13 ವರ್ಷಗಳ ನಂತರ, 2023ರಲ್ಲಿ. ಅವರ ಅಂತ್ಯಸಂಸ್ಕಾರ ನಡೆದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿ 2025ರ ಆಗಸ್ಟ್‌ನಲ್ಲಿ ನೆಲಸಮವಾಯಿತು.

ಇತ್ತ ಲಾಸ್ ಏಂಜಲೀಸ್‌ನಲ್ಲಿ ಮನ್ರೋ ಕೊನೆಯುಸಿರೆಳೆದ ಮನೆಯನ್ನು ಕೆಡವಲು ಅದರ ಮಾಲೀಕರು ಹೊರಟಾಗ ಅಭಿಮಾನಿಗಳು ಅಡ್ಡಬಂದರು. 2024ರಲ್ಲಿ ನಗರಸಭೆ ಅದನ್ನು ಐತಿಹಾಸಿಕ ಸ್ಮಾರಕವೆಂದು ಸಾರಿತು. ಆ ಊರಿನವರಿಗೂ ದೆವ್ವದ ಕತೆಗಳೆಂದರೆ ಇಷ್ಟವೇ. ಆದರೆ ಕತೆಯ ಜೊತೆಗೆ ಅವರು ಮನೆಯನ್ನೂ ಉಳಿಸಿಕೊಂಡರು. ನಮ್ಮಲ್ಲಿ ಮನೆ ಹೋಗುತ್ತದೆ, ದೆವ್ವ ಮಾತ್ರ ಉಳಿಯುತ್ತದೆ.