ಮಲೆಯಿಂದ ಕಡಲಿನವರೆಗೆ ಒಂದೇ ಹೊಳೆ



ಪೆಸಿಫಿಕ್ ಮಹಾಸಾಗರದ ನಡುವೆ ಜ್ವಾಲಾಮುಖಿಗಳಿಂದ ಹುಟ್ಟಿದ ಹವಾಯಿ ದ್ವೀಪಗಳಿವೆ. ಹತ್ತಿರದ ಭೂಖಂಡ 3,500 ಕಿಲೋಮೀಟರಿಗೂ ಹೆಚ್ಚು ದೂರ. ಹಾಗಾದರೆ ಅಲ್ಲಿನ ಹೊಳೆಗಳಿಗೆ ಮೀನು ಬಂದದ್ದು ಎಲ್ಲಿಂದ? ಕಡಲಿನಿಂದಲೇ. ಹೊಳೆಗಳಲ್ಲಿ ಬಾಳುವ ಅಲ್ಲಿನ ಮೂಲ ಮೀನುಗಳು ಐದೇ ಜಾತಿ. ಜನರು ಅವುಗಳನ್ನು 'ಓಓಪು' ಎನ್ನುತ್ತಾರೆ.

ಈ ಮೀನುಗಳ ಬಾಳ್ವೆ ವಿಚಿತ್ರವಾದದ್ದು. ತಾಯಿಮೀನು ಹೊಳೆಯ ಕಲ್ಲುಗಳಲ್ಲಿ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಗಳನ್ನು ಹರಿವ ನೀರು ಕಡಲಿಗೆ ಒಯ್ಯುತ್ತದೆ. ಕೆಲವೇ ದಿನಗಳಲ್ಲಿ ಉಪ್ಪುನೀರು ಸೇರದಿದ್ದರೆ ಅವು ಸಾಯುತ್ತವೆ. ಕಡಲಲ್ಲಿ ತಿಂಗಳುಗಟ್ಟಲೆ ಬೆಳೆದು, ಒಂದು ಇಂಚಿನಷ್ಟೂ ಇಲ್ಲದಿರುವಾಗಲೇ ಮತ್ತೆ ಹೊಳೆಯ ಬಾಯಿಗೆ ಬರುತ್ತವೆ. ಅಲ್ಲಿಂದ ಏರುದಾರಿ. ಕೆಲವು ಜಾತಿಗಳಲ್ಲಿ ಹೊಟ್ಟೆಯಡಿಯ ರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿವೆ. ಅದರಿಂದ ಒದ್ದೆ ಬಂಡೆಗೆ ಅಂಟಿಕೊಂಡು ಇಂಚಿಂಚಾಗಿ ಹತ್ತುತ್ತವೆ. ಸುಮಾರು 135 ಮೀಟರ್ ಎತ್ತರದ ಅಕಾಕ ಜಲಪಾತದ ಮೇಲೂ 'ಆಲಮೋಓ' ಎಂಬ ಮೀನು ವಾಸಿಸುತ್ತದೆ!

ಇನ್ನೊಂದು ಸಂಗತಿ ಗಮನಿಸಿ. ಮರಿಗಳು ತಾವು ಹುಟ್ಟಿದ ಹೊಳೆಗೇ ಮರಳಬೇಕೆಂದಿಲ್ಲ. ಸಿಹಿನೀರು ಕಡಲು ಸೇರುವ ಬೇರೆ ಹೊಳೆಯನ್ನೂ ಹಿಡಿಯುತ್ತವೆ. ಆದ್ದರಿಂದ ಒಂದು ಹೊಳೆ ಒಣಗಿದರೆ ನಷ್ಟ ಆ ಹೊಳೆಗಷ್ಟೇ ಅಲ್ಲ, ನೆರೆಯ ಹೊಳೆಗಳಿಗೂ ಉಂಟು.

ಆದರೆ ಹೊಳೆಗಳು ಒಣಗಿದವು. 1870ರ ದಶಕದಿಂದ ಮಾವಿ ದ್ವೀಪದ ಕಬ್ಬಿನ ತೋಟಗಳಿಗಾಗಿ ಮಲೆಯ ನೀರನ್ನು ಕಾಲುವೆಗಳಿಗೆ ತಿರುಗಿಸಲಾಯಿತು. ಮೇಲೆ ನೀರಿತ್ತು, ಕೆಳಗೆ ಕಡಲಿತ್ತು. ನಡುವೆ ಬರಿಯ ಕಲ್ಲು. ಮರಿಗಳು ಇಳಿಯುವುದು ಹೇಗೆ? ಮೀನುಗಳು ಏರುವುದು ಹೇಗೆ? ಕೆಸುವಿನ ಗದ್ದೆಗಳಿಗೂ ಅದೇ ನೀರು ಬೇಕಿತ್ತು. ಕೆಸುವಿನ ಗಡ್ಡೆ ಅಲ್ಲಿನ ಮೂಲನಿವಾಸಿಗಳ ನಿತ್ಯದ ಅನ್ನ.

2001ರಲ್ಲಿ ಪೂರ್ವ ಮಾವಿಯ ಕೆಸು ಬೆಳೆಗಾರರು ರಾಜ್ಯದ ಜಲ ಆಯೋಗದ ಮೊರೆಹೋದರು. ಹೊಳೆಯ ನೀರು ಎಲ್ಲರ ಪರವಾಗಿ ಸರಕಾರ ಕಾಪಾಡಬೇಕಾದ ಸ್ವತ್ತು ಎಂದು ಹವಾಯಿಯ ಸರ್ವೋಚ್ಚ ನ್ಯಾಯಾಲಯ 2000ದಲ್ಲೇ ಸಾರಿತ್ತು. ಆದರೂ ತೀರ್ಪಿಗೆ 17 ವರ್ಷ ಕಾಯಬೇಕಾಯಿತು. 2016ರಲ್ಲಿ ಕೊನೆಯ ಕಬ್ಬಿನ ಕಟಾವು ಮುಗಿಯಿತು. 2018ರ ಜೂನ್‌ನಲ್ಲಿ, ಹಿಂದಿನಿಂದ ಕೆಸುವಿನ ಗದ್ದೆಗಳಿಗೆ ನೀರುಣಿಸುತ್ತಿದ್ದ ಹೊಳೆಗಳ ಹರಿವನ್ನು ಪೂರ್ತಿ ಮರಳಿಸಬೇಕೆಂದು ಆಯೋಗ ಆಜ್ಞಾಪಿಸಿತು.

ಹವಾಯಿ ಭಾಷೆಯಲ್ಲಿ ಸಿಹಿನೀರಿಗೆ 'ವಾಯ್' ಎಂಬ ಹೆಸರು. ಅದನ್ನೇ ಎರಡು ಸಲ ಹೇಳಿ 'ವಾಯ್‌ವಾಯ್' ಎಂದರೆ ಸಂಪತ್ತು. ಮೇಲಿನವನು ಕೆಳಗಿನವನಿಗಾಗಿ ನೀರು ಉಳಿಸಿದಾಗ ಮಾತ್ರ ಅದು ಸಂಪತ್ತು. ಇಲ್ಲವಾದರೆ ಒಬ್ಬನ ಲಾಭ, ಹಲವರ ಬರಗಾಲ. ಬಂಡೆ ಹತ್ತುವ ಮೀನಿಗೆ ಬಲವಿದೆ, ಹಟವಿದೆ. ನೀರನ್ನು ಮಾತ್ರ ಮನುಷ್ಯರೇ ಬಿಡಬೇಕು.