ಬಣ್ಣ ತಿರುಗಿಸಿದ್ದು ಯಾರು?

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಆರತಿ ತಟ್ಟೆ ಕೆಂಪಾಗುತ್ತದೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ. ಹಾಗಾದರೆ ಅರಿಶಿನ ಕ್ಯಾಲ್ಸಿಯಂ ಪತ್ತೆ ಹಚ್ಚುತ್ತದೆ ಎನ್ನೋಣವೆ? ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಸೋಪು ತಿಕ್ಕಿದರೂ ಅದೇ ಕೆಂಪು. ಎರಡು ಕಡೆಯೂ ಕೆಲಸ ಮಾಡಿದ್ದು ಕ್ಷಾರ.

ನೀರಿನಲ್ಲಿ ಕರಗಿದ ಲೋಹದ ಅಯಾನುಗಳನ್ನು ಬಣ್ಣದಿಂದಲೋ ಹೊಳಪಿನಿಂದಲೋ ತೋರಿಸಿಕೊಡುವ ಅಣುಗಳೇ ರಾಸಾಯನಿಕ ಸಂವೇದಕಗಳು. ಮೋರಿನ್ ಎಂಬ ಸಸ್ಯವರ್ಣ ಅಲ್ಯೂಮಿನಿಯಂ ಸಿಕ್ಕರೆ ಹೊಳೆಯುತ್ತದೆಂದು ರಸಾಯನಶಾಸ್ತ್ರಜ್ಞ ಗೊಪ್ಪೆಲ್ಸ್‌ರೋಡರ್ ವರದಿ ಮಾಡಿದ್ದು 1867ರಲ್ಲಿ. ಇಂದು ಇಂಥ ಅಣುಗಳ ಕುರಿತ ಪ್ರಬಂಧಗಳು ರಾಶಿ ರಾಶಿ. ಆದರೆ ಒಂದು ಪ್ರಯೋಗಾಲಯದಲ್ಲಿ ಬೆಳಗಿದ ಅಣು ಮತ್ತೊಂದರಲ್ಲಿ ಮಂಕಾಗಿ ಕೂರುವುದುಂಟು. ಇದಕ್ಕೆ ಮೋಸವೇ ಆಗಬೇಕಿಲ್ಲ. ಅರಿಶಿನ-ಸುಣ್ಣದ ಎಡವಟ್ಟು ಸಾಕು.

ಕಬ್ಬಿಣವನ್ನೇ ನೋಡಿ. ಫೆರಿಕ್ ಕ್ಲೋರೈಡ್ ನೀರಿಗೆ ಬಿದ್ದ ಕೂಡಲೇ ಕಬ್ಬಿಣದ ಅಯಾನು ತನ್ನನ್ನು ಸುತ್ತುವರಿದ ನೀರಿನ ಅಣುಗಳಿಂದ ಪ್ರೋಟಾನ್ ಕಳಚಿ, ದ್ರಾವಣವನ್ನು ಆಮ್ಲೀಯವಾಗಿಸುತ್ತದೆ. ಅಲ್ಯೂಮಿನಿಯಂ, ಕ್ರೋಮಿಯಂ ಲವಣಗಳದ್ದೂ ಇದೇ ಚಾಳಿ. ರೋಡಮಿನ್ ಜಾತಿಯ ಸಂವೇದಕಗಳಲ್ಲಿ ಮುಚ್ಚಿದ ಉಂಗುರವೊಂದಿದ್ದು, ಅದು ತೆರೆದರೆ ಗುಲಾಬಿ ಬಣ್ಣ ಬರುತ್ತದೆ. ಲೋಹ ಅದನ್ನು ತೆರೆಯಬಲ್ಲದು, ಬರಿಯ ಆಮ್ಲವೂ ತೆರೆಯಬಲ್ಲದು. ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರ್ ಇಲ್ಲದ ದ್ರಾವಣದಲ್ಲಿ ತೆರೆದದ್ದು ಯಾವುದೆಂದು ಹೇಗೆ ಹೇಳುವುದು? ಫಾಸ್ಫೇಟ್ ಬಫರ್ ಹಾಕಿದರೆ ಇನ್ನೊಂದು ಪೇಚು: ಅದು ಕಬ್ಬಿಣವನ್ನೇ ಹಿಡಿದು ತಳಕ್ಕಿಳಿಸುತ್ತದೆ. ಸಾಲದ್ದಕ್ಕೆ ಫೆರಿಕ್ ಅಯಾನು ಅತಿನೇರಳೆ ಬೆಳಕನ್ನು ತಾನೇ ಹೀರುತ್ತದೆ. ಸಂವೇದಕಕ್ಕೆ ತಲುಪಬೇಕಾದ ಬೆಳಕು ದಾರಿಯಲ್ಲೇ ಕಡಿಮೆಯಾಗಿ ಹೊಳಪು ಕುಗ್ಗಿದರೆ, ಅಣುವಿಗೂ ಲೋಹಕ್ಕೂ ನಂಟು ಬೆಳೆಯಿತೆಂದು ಬರೆದುಬಿಡುತ್ತಾರೆ. ಅಷ್ಟೇ ಆಮ್ಲವನ್ನು ಲೋಹವಿಲ್ಲದೆ ಹಾಕಿ ನೋಡುವುದು, ಹೊಳಪಿನ ಜೊತೆ ಹೀರಿಕೆಯನ್ನೂ ಅಳೆಯುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಬಿಟ್ಟ ಪ್ರಬಂಧವನ್ನು ನಂಬಲು ನನಗೆ ಮನಸ್ಸಾಗದು.

ಷಿಫ್ ಬೇಸ್ ಎಂಬ ಇನ್ನೊಂದು ಜಾತಿಯ ಸಂವೇದಕಗಳಲ್ಲಿ ಹಲವು ನೀರು ತಾಕಿದರೆ ಒಡೆಯುತ್ತವೆ. ಅವುಗಳ ವಿಷಯದಲ್ಲಿ ದ್ರಾವಣ ಕಲಸಿ ಎಷ್ಟು ಹೊತ್ತಾಯಿತು ಎಂಬುದೂ ಫಲಿತಾಂಶದ ಭಾಗವೇ.

ಇನ್ನು ಪತ್ತೆಮಿತಿಯ, ಅಂದರೆ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣದ, ಬಡಾಯಿ. ಲೋಹವಿಲ್ಲದ ಮಾದರಿಯನ್ನು ಹಲವು ಬಾರಿ ಅಳೆದು, ಬಂದ ಏರಿಳಿತವನ್ನು ಮೂರು ಪಟ್ಟು ಮಾಡಿ, ಅಳತೆರೇಖೆಯ ಇಳಿಜಾರಿನಿಂದ ಭಾಗಿಸುವುದು ರೂಢಿ. ಪ್ರತಿಸಲ ಹೊಸ ದ್ರಾವಣ ತುಂಬದೆ ಒಂದೇ ಕ್ಯುವೆಟ್ಟನ್ನು ಮತ್ತೆ ಮತ್ತೆ ಓದಿದರೆ ಸಿಗುವುದು ಯಂತ್ರದ ಏರಿಳಿತ ಮಾತ್ರ. ಆಗ ಮೈಕ್ರೋಮೋಲಾರ್‌ಗಿಂತ ಕೆಳಗೆ ಒಮ್ಮೆಯೂ ಅಳೆಯದವರು ಕಾಗದದ ಮೇಲೆ ನ್ಯಾನೊಮೋಲಾರ್ ಮುಟ್ಟುತ್ತಾರೆ. ಕುಡಿಯುವ ನೀರಿನ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ, ಅಂದರೆ ಸುಮಾರು 31 ಮೈಕ್ರೋಮೋಲಾರ್. ಅಲ್ಲಿ ಈ ಪೈಪೋಟಿ ಯಾರಿಗೆ ಬೇಕು?

ಕೊನೆಯಲ್ಲಿ ‘ನಲ್ಲಿ ನೀರಿನಲ್ಲೂ ಪರೀಕ್ಷಿಸಿದೆವು’ ಎಂಬ ಪಟ್ಟಿಯೊಂದಿರುತ್ತದೆ. ಆ ನೀರು ಎಷ್ಟೋ ವೇಳೆ ಅಸಿಟೋನೈಟ್ರೈಲ್ ಎಂಬ ಸಾವಯವ ದ್ರಾವಕಕ್ಕೆ ಬಿಟ್ಟ ಕೆಲವು ಹನಿ; ಲೋಹವನ್ನೂ ತಾವೇ ಬೆರೆಸಿರುತ್ತಾರೆ. ಅದೇ ಮಾದರಿಯನ್ನು ಪರಮಾಣು ಹೀರಿಕೆ ಯಂತ್ರದಲ್ಲೂ ಅಳೆದು ಪಕ್ಕದ ಕಾಲಂನಲ್ಲಿ ಬರೆದವರ ಪಟ್ಟಿಯನ್ನು ಮೊದಲು ಓದಿ.