ಮೀನಿನ ತೊಟ್ಟಿಯ ಭಾರ, ಬೆನ್ನೆಲುಬಿನ ಕ್ಷೇಮ

ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ಈಚೆಗೆ ಅನೇಕ ಮನೆಗಳಲ್ಲಿ ಬೆಳೆದಿದೆ. ದಿನದ ದಣಿವಿನ ಬಳಿಕ ಪಡಸಾಲೆಯಲ್ಲಿ ಕುಳಿತು ಮೀನುಗಳ ಓಡಾಟವನ್ನು ನೋಡಿದರೆ ಮನಸ್ಸು ತಿಳಿಯಾಗುತ್ತದೆಂದು ಹಲವರು ಹೇಳುವುದುಂಟು. ಆದರೆ ದೊಡ್ಡ ಗಾಜಿನ ತೊಟ್ಟಿಯನ್ನು ಮನೆಯೊಳಗೆ ತರುವ ಅವಸರದಲ್ಲಿ ಸೊಂಟ ಹಿಡಿದು ತಿಂಗಳುಗಟ್ಟಲೆ ನರಳುವಂತಾದರೆ, ನೆಮ್ಮದಿಗೆಂದು ತಂದದ್ದೇ ನೋವಿಗೆ ಕಾರಣವಾಗುತ್ತದೆ.

ಮೊದಲು ಭಾರದ ಲೆಕ್ಕವನ್ನು ಅರಿಯಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯು ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 250 ಕಿಲೋ. ಗಾಜು 10 ಮಿಲಿಮೀಟರ್ ದಪ್ಪವಿದ್ದರೆ ಬರಿದಾದ ತೊಟ್ಟಿಯೂ ಸುಮಾರು 50 ಕಿಲೋ, ಅಂದರೆ ಒಂದು ಸಿಮೆಂಟ್ ಚೀಲದಷ್ಟು ತೂಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಸೂತ್ರದಂತೆ, ಎಲ್ಲ ಅನುಕೂಲಗಳಿದ್ದರೂ ಒಬ್ಬರು ಎತ್ತುವ ಭಾರದ ಮಿತಿ 23 ಕಿಲೋ. ಆದುದರಿಂದ ಇಂತಹ ತೊಟ್ಟಿಗೆ ನಾಲ್ವರು ಬೇಕು.

ನಮ್ಮ ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ. ಅವುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬೆನ್ನನ್ನು ಬಾಗಿಸಿ, ಭಾರವನ್ನು ಮೈಯಿಂದ ದೂರ ಹಿಡಿದು ಎತ್ತಿದಾಗ, ಆ ಬಿಲ್ಲೆಗಳ ಮೇಲೆ ಬೀಳುವ ಒತ್ತಡವು ಎತ್ತಿದ ತೂಕದ ಹಲವು ಪಟ್ಟಾಗುತ್ತದೆ. ಆ ಸ್ಥಿತಿಯಲ್ಲಿ ಸೊಂಟವನ್ನು ತಿರುಚಿದರೆ ಬಿಲ್ಲೆಯ ಹೊರಪದರ ಹರಿದು, ಒಳಗಿನ ಮೃದುಭಾಗ ಹೊರಚಾಚಿ ನರವನ್ನು ಒತ್ತಬಹುದು. ಪೃಷ್ಠದಿಂದ ಪಾದದವರೆಗೆ ಹರಿಯುವ ಸಯಾಟಿಕಾ ನೋವಿಗೆ ಇದು ಮುಖ್ಯ ಕಾರಣ.

ತೊಟ್ಟಿಯನ್ನು ಸಾಗಿಸುವ ಮುನ್ನ ನೀರು, ಮರಳು, ಕಲ್ಲುಗಳನ್ನು ಸಂಪೂರ್ಣವಾಗಿ ತೆಗೆಯಬೇಕು. ತಳದಲ್ಲಿ ನಾಲ್ಕು ಅಂಗುಲ ನೀರು ಉಳಿದರೂ ಸುಮಾರು 55 ಕಿಲೋ ಭಾರ ಹೆಚ್ಚುತ್ತದೆ. ನೀರು ತುಳುಕಿ ಹಿಡಿತವೂ ತಪ್ಪುತ್ತದೆ. ಬಾಗಿಲಿನ ಅಗಲವನ್ನು ಅಳೆದು, ದಾರಿಯಲ್ಲಿರುವ ಕಾಲೊರಸು, ಚಪ್ಪಲಿಗಳನ್ನು ಸರಿಸಿರಬೇಕು. ಕೈಗೆ ದಪ್ಪ ಕೈಗವಸು, ಕಾಲಿಗೆ ಮುಚ್ಚಿದ ಪಾದರಕ್ಷೆ ಇರಲಿ. ಮೇಲಂಚನ್ನು ಹಿಡಿಯದೆ ತಳಕ್ಕೆ ಕೈಕೊಟ್ಟು, ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿರಿಸಿ, ತೊಟ್ಟಿಯನ್ನು ಮೈಗೆ ಹತ್ತಿರ ಹಿಡಿದು ಒಬ್ಬರ ಸೂಚನೆಯಂತೆ ಎಲ್ಲರೂ ಏಕಕಾಲಕ್ಕೆ ಎತ್ತಬೇಕು. ತಿರುಗುವಾಗ ಸೊಂಟ ತಿರುಚದೆ ಹೆಜ್ಜೆಗಳನ್ನೇ ತಿರುಗಿಸಬೇಕು. ಸಮತಟ್ಟಾದ ಗಟ್ಟಿ ಪೀಠದ ಮೇಲೆ ಇರಿಸಿದ ನಂತರ ಕೊಳವೆಯಿಂದ ನೀರು ತುಂಬಿಸಿದರೆ ಬಿಂದಿಗೆ ಹೊರುವ ಶ್ರಮವೂ ತಪ್ಪುತ್ತದೆ. ತೊಲೆ, ಜಂತೆಗಳ ಹಳೆಯ ಮಾಳಿಗೆಯ ಮೇಲೆ ಇಂತಹ ಭಾರ ಹೇರುವುದು ಬೇಡ, ನೆಲಮಹಡಿಯೇ ಕ್ಷೇಮ.

ಬೆನ್ನುನೋವು, ಹರ್ನಿಯಾ, ಹೃದ್ರೋಗ, ಮೂಳೆ ಸವೆತ ಇರುವವರು ಹಾಗೂ ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು.

ಇನ್ನು, ನಾವು ಎತ್ತದಿದ್ದರೆ ಹಮಾಲರನ್ನು ಕರೆಯುತ್ತೇವೆ. ಕೂಲಿ ಉಳಿಸಲೆಂದು ನಾಲ್ವರ ಕೆಲಸವನ್ನು ಇಬ್ಬರಿಗೆ ಹೊರಿಸುವುದು ಕಾಯಕವನ್ನು ಗೌರವಿಸುವ ಶರಣರ ಮಾರ್ಗಕ್ಕೆ ಸಲ್ಲದು. ಅವರಿಗೆ ಬೆನ್ನೇ ಬದುಕಿನ ಬಂಡವಾಳ. ಒಮ್ಮೆ ಅದು ಕೈಕೊಟ್ಟರೆ ಇಡೀ ಮನೆಯ ಅನ್ನಕ್ಕೆ ಕುತ್ತು. ತೂಕವನ್ನು ಮೊದಲೇ ತಿಳಿಸಿ, ಬೇಕಾದಷ್ಟು ಜನರನ್ನು ಕರೆಸಿ, ನಡುವೆ ವಿಶ್ರಾಂತಿ ಹಾಗೂ ಕುಡಿಯಲು ನೀರು ಕೊಡುವುದು ಮನೆಯವರ ಕರ್ತವ್ಯ.

ಎಚ್ಚರ ವಹಿಸಿದರೂ ಸೊಂಟ ಹಿಡಿದರೆ ಒಂದೆರಡು ದಿನ ಭಾರ ಎತ್ತದೆ ವಿಶ್ರಮಿಸಿ, ಬಳಿಕ ಮೆಲ್ಲಗೆ ನಡೆದಾಡುವುದು ಒಳಿತು. ವಾರಗಟ್ಟಲೆ ಮಲಗಿದರೆ ಸ್ನಾಯುಗಳು ಸೋಲುತ್ತವೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಳ್ಳುವ ರೂಢಿ ಹಲವೆಡೆ ಇದೆ. ಬಿಲ್ಲೆ ಜಾರಿದ್ದರೆ ಅದರಿಂದ ಹಾನಿ ಹೆಚ್ಚಬಹುದು. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಅಥವಾ ಗುದದ ಸುತ್ತ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದಷ್ಟೂ ನರಗಳು ಶಾಶ್ವತವಾಗಿ ಕೆಡುವ ಅಪಾಯ ಹೆಚ್ಚು.

ಕಾಯಕಕ್ಕೂ ದಾಸೋಹಕ್ಕೂ ಶಿವಪೂಜೆಗೂ ಈ ಶರೀರವೇ ಆಧಾರ. ತನ್ನ ಬೆನ್ನಿನಂತೆಯೇ ಭಾರ ಹೊರುವವನ ಬೆನ್ನನ್ನೂ ಕಾಪಾಡುವುದು ಸದ್ಭಕ್ತರಾದ ನಮ್ಮೆಲ್ಲರ ಹೊಣೆ.